ಪಕ್ಕದವರ ಪಾರ್ಟ್

ಮಕ್ಕಳೇ,

ಹೋದ ಭಾನುವಾರ ನೀವು ನಾಲ್ವರೂ ಹಲಸೂರಿನ ನಮ್ಮ ಮನೆಗೆ ಬಂದು ನುಡಿಸಿದಿರಿ. ಕೆ.ಆರ್. ಪುರದಿಂದ ಚೆಲೋ ಹೊತ್ತು ಮೆಟ್ರೋದಲ್ಲಿ ಬಂದವಳು ಒಬ್ಬಳು, ಇಂದಿರಾನಗರದಿಂದ ಪಿಟೀಲು ಹಿಡಿದು ನಡೆದೇ ಬಂದ ಅಕ್ಕ ತಮ್ಮ, ಶಿವಾಜಿನಗರದಿಂದ ವಯೋಲಾ ತಂದ ಹುಡುಗ. ಜೂನ್ ತಿಂಗಳಲ್ಲಿ ವಸಂತನಗರದಲ್ಲಿ ಫ್ರೆಂಚ್ ಸಂಗೀತವನ್ನೇ ನುಡಿಸಬೇಕೆಂದು ಹೊರಟಿದ್ದೀರಿ. ಮುಗಿದ ಮೇಲೆ ಚೆಲೋದ ಹುಡುಗಿ, “ಹೇಗಿತ್ತು ತಾತ?” ಎಂದು ಕೇಳಿದಳು. ನಾನು ಕಾಫಿ ಕೊಟ್ಟೆ, ಕೋಡುಬಳೆ ಕೊಟ್ಟೆ, ಉತ್ತರ ಮಾತ್ರ ಕೊಡಲಿಲ್ಲ. ಈಗ ಬರೆಯುತ್ತಿದ್ದೇನೆ.

ನಿಮ್ಮಲ್ಲಿ ಯಾರೂ ತಪ್ಪು ನುಡಿಸಲಿಲ್ಲ. ಶ್ರುತಿ ಸರಿಯಿತ್ತು, ಬೆರಳು ಚುರುಕಾಗಿತ್ತು, ಕಮಾನು ಹಿಡಿತದಲ್ಲಿತ್ತು. ನಾಲ್ವರೂ ಗ್ರೇಡ್ ಪರೀಕ್ಷೆಗಳನ್ನು ಒಳ್ಳೆಯ ಅಂಕದಲ್ಲಿ ದಾಟಿದವರು ಎಂಬುದು ಕೇಳಿದ ಎರಡೇ ನಿಮಿಷಕ್ಕೆ ತಿಳಿಯಿತು. ಆದರೂ ನನ್ನ ಕಿವಿಗೆ ಬಿದ್ದದ್ದು ಒಂದೇ ಕೋಣೆಯಲ್ಲಿ ಏಕಕಾಲಕ್ಕೆ ನಡೆದ ನಾಲ್ಕು ಪರೀಕ್ಷೆ. ನೀವು ಒಬ್ಬರನ್ನೊಬ್ಬರು ಕೇಳಿಸಿಕೊಳ್ಳುತ್ತಿರಲಿಲ್ಲ.

ನೀವು ನುಡಿಸಿದ ಡೆಬ್ಯುಸಿಯ ಕ್ವಾರ್ಟೆಟ್‌ನ ಎರಡನೆಯ ಭಾಗವನ್ನೇ ನೋಡಿ. 1893ರಲ್ಲಿ ಅವನು ಅದನ್ನು ಬರೆದದ್ದು, ಅದೇ ವರ್ಷದ ಕೊನೆಯಲ್ಲಿ ಪ್ಯಾರಿಸ್‌ನಲ್ಲಿ ಇಸಾಯಿ ಕ್ವಾರ್ಟೆಟ್ ಅದನ್ನು ಮೊದಲು ನುಡಿಸಿತು. ಆ ಭಾಗದಲ್ಲಿ ಉಳಿದವರೆಲ್ಲ ತಂತಿಯನ್ನು ಬೆರಳಿನಿಂದ ಮೀಟುತ್ತಿರುವಾಗ ವಯೋಲಾ ಮಾತ್ರ ಕಮಾನು ಎಳೆದು ಒಂದು ಪುಟ್ಟ ಎಳೆಯನ್ನು ಬಿಡದೆ ತಿರುಗಿ ತಿರುಗಿ ನುಡಿಸುತ್ತದೆ. ಆ ಎಳೆ ಮೊದಲನೆಯ ಭಾಗದ ಆರಂಭದಲ್ಲಿ ಬಂದ ಅದೇ ಎಳೆ, ವೇಷ ಮಾತ್ರ ಬೇರೆ. ಇಡೀ ಕ್ವಾರ್ಟೆಟ್ ನಿಂತಿರುವುದೇ ಅದರ ಮೇಲೆ. ಆ ಹೊತ್ತಿನಲ್ಲಿ ಮನೆಯ ಯಜಮಾನ ವಯೋಲಾ. ನಮ್ಮ ಹುಡುಗ ಅದನ್ನು ಮೆಲ್ಲಗೆ, ಕ್ಷಮೆ ಕೇಳುವವನ ಹಾಗೆ ನುಡಿಸಿದ. ಯಾಕೆಂದರೆ ವಯೋಲಾ ಎಂದರೆ ನಡುವಿನ ದನಿ, ಹಿಂದೆ ನಿಲ್ಲಬೇಕಾದದ್ದು ಎಂದು ಯಾರೋ ಅವನಿಗೆ ಹೇಳಿಕೊಟ್ಟಿದ್ದಾರೆ. ಮೊದಲ ಪಿಟೀಲಿನವಳು ತನ್ನ ಮೀಟನ್ನು ಅವನ ತಲೆಯ ಮೇಲಿಂದ ಸಿಡಿಸಿದಳು. ಇಬ್ಬರದ್ದೂ ಒಂದೇ ತಪ್ಪು: ಇಬ್ಬರೂ ತಮ್ಮ ಪಾರ್ಟನ್ನಷ್ಟೇ ಓದಿದ್ದಾರೆ, ನಾಲ್ವರ ಸಾಲೂ ಒಟ್ಟಿಗಿರುವ ಸ್ಕೋರ್ ಓದಿಲ್ಲ.

ಇದನ್ನು ಇಷ್ಟು ಖಚಿತವಾಗಿ ಹೇಳಲು ನನಗೆ ಕಾರಣವಿದೆ. ನನಗೆ ಇಪ್ಪತ್ತಮೂರು ವರ್ಷವಾಗಿದ್ದಾಗ, ಕಂಟೋನ್ಮೆಂಟಿನ ಒಂದು ಸಣ್ಣ ಸಭಾಂಗಣದಲ್ಲಿ ರವೇಲ್‌ನ ಕ್ವಾರ್ಟೆಟ್ ನುಡಿಸಲು ಕೂತಿದ್ದೆ, ವಯೋಲಾ ಹಿಡಿದು. 1903ರ ಕೃತಿ ಅದು, ಗುರು ಫೊರೆಗೆ ಅರ್ಪಿಸಿದ್ದು. ಅದರ ಎರಡನೆಯ ಭಾಗವೂ ಮೀಟಿನಿಂದಲೇ ಶುರುವಾಗುತ್ತದೆ. ಆರು ಅಕ್ಷರಗಳನ್ನು ಒಬ್ಬ ಮೂರು ಮೂರರ ಎರಡು ಗುಂಪಾಗಿ ಎಣಿಸಿದರೆ, ಇನ್ನೊಬ್ಬ ಎರಡೆರಡರ ಮೂರು ಗುಂಪಾಗಿ ಎಣಿಸುತ್ತಾನೆ. ತನಿಯಾವರ್ತನ ಕೇಳಿ ಬೆಳೆದವರಿಗೆ ಅದೇನೂ ಹೊಸದಲ್ಲ. ನನಗೂ ಹೊಸದಾಗಿರಲಿಲ್ಲ, ಆ ಧೈರ್ಯದಿಂದಲೇ ನನ್ನ ಪಾರ್ಟನ್ನು ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಒಂದು ವಿರಾಮ ಮುಗಿಸಿ ಒಂದು ಆವರ್ತ ಮೊದಲೇ ಒಳಗೆ ಬಂದುಬಿಟ್ಟೆ. ಎಲ್ಲಿ ಸೇರಿಕೊಳ್ಳಬೇಕು ಎಂದು ತಿಳಿಯಲೇ ಇಲ್ಲ. ಬೇರೆ ಮೂವರು ಏನು ನುಡಿಸುತ್ತಿದ್ದಾರೆ ಎಂಬುದು ನನಗೆ ಗೊತ್ತೇ ಇರಲಿಲ್ಲವಲ್ಲ. ಚೆಲೋ ನುಡಿಸುತ್ತಿದ್ದ ಹಿರಿಯರು ಒಂದು ಕ್ಷಣ ನನ್ನ ಕಡೆ ನೋಡಿದರು, ತಮ್ಮ ಪಾರ್ಟ್ ಬಿಟ್ಟು ನನ್ನ ಸಾಲನ್ನೇ ನಾಲ್ಕು ಸ್ವರ ನುಡಿಸಿ ದಾರಿಗೆ ತಂದರು, ಮತ್ತೆ ತಮ್ಮ ಜಾಗಕ್ಕೆ ಹೋದರು. ಸಭೆಯಲ್ಲಿ ಯಾರಿಗೂ ತಿಳಿಯಲಿಲ್ಲ. ಕಛೇರಿ ಮುಗಿದ ಮೇಲೆ ಅವರು ಬೈಯಲಿಲ್ಲ. ಚೆಲೋದ ಹಾಳೆಗಳನ್ನು ಕೈಗೆ ಕೊಟ್ಟು, “ಇದನ್ನು ಕೈಯಲ್ಲಿ ಬರೆದುಕೊಂಡು ಬಾ” ಎಂದರು. ಬರೆಯುವುದಕ್ಕೆ ಒಂಬತ್ತು ರಾತ್ರಿ ಹಿಡಿಯಿತು. ನನ್ನ ಸಂಗೀತದ ವಿದ್ಯೆ ನಿಜವಾಗಿ ಶುರುವಾದದ್ದು ಆ ಒಂಬತ್ತು ರಾತ್ರಿಗಳಲ್ಲಿ.

ಚೇಂಬರ್ ಸಂಗೀತದಲ್ಲಿ ಕೋಲು ಹಿಡಿದು ನಿಲ್ಲುವ ಕಂಡಕ್ಟರ್ ಇಲ್ಲ. ನಮ್ಮ ಕಛೇರಿಯ ಲೆಕ್ಕದಲ್ಲಿ ಹೇಳುವುದಾದರೆ, ಅಲ್ಲಿ ನಾಲ್ವರೂ ಮುಖ್ಯ ಗಾಯಕರು, ನಾಲ್ವರೂ ಪಕ್ಕವಾದ್ಯದವರು. ಯಾವಾಗ ಯಾರು ಯಾವುದು ಎಂದು ತಿಳಿಯುವುದೇ ಅದರ ಕಸುಬು. ಒಳ್ಳೆಯ ಮೃದಂಗದವರನ್ನು ನೋಡಿದ್ದೀರಲ್ಲ, ಪಲ್ಲವಿಯ ಎಡುಪು ಎಲ್ಲಿ ಬೀಳುತ್ತದೆಂದು ಗಾಯಕರ ಉಸಿರಿನಿಂದಲೇ ಹಿಡಿಯುತ್ತಾರೆ. ನಿಮಗೂ ಬೇಕಾದದ್ದು ಆ ಕಿವಿ. ಇಂದಿರಾನಗರ ಸಂಗೀತ ಸಭೆಯ ಪುರಂದರ ಭವನ ಪಿಟೀಲಿನ ಅಕ್ಕ ತಮ್ಮನ ಮನೆಯಿಂದ ಹತ್ತು ನಿಮಿಷದ ದಾರಿ. ಹೋಗಿ ಕೂತು ಪಕ್ಕವಾದ್ಯದವರ ಮುಖವನ್ನಷ್ಟೇ ನೋಡಿ. ಕ್ವಾರ್ಟೆಟ್‌ಗೆ ಅದಕ್ಕಿಂತ ಒಳ್ಳೆಯ ಪಾಠಶಾಲೆ ಈ ಊರಿನ ಪೂರ್ವ ಭಾಗದಲ್ಲಿ ನನಗೆ ಗೊತ್ತಿಲ್ಲ.

ಇನ್ನು ನೀವು ಆರಿಸಿಕೊಂಡ ಫ್ರೆಂಚ್ ವಿಷಯ. “ಇದು ನಮ್ಮದಲ್ಲದ್ದು, ತಪ್ಪಾಗದಿದ್ದರೆ ಸಾಕು” ಎಂದ ನಿಮ್ಮಲ್ಲೊಬ್ಬರ ಮಾತು ನನಗೆ ನೋವು ತಂದಿತು. ಅದು ನಿಜವಲ್ಲ.

ನೀವು ದಿನಾ ಓಡಾಡುವ ಬೀದಿಗಳನ್ನೇ ನೋಡಿ. ಶಿವಾಜಿನಗರದ ಸೇಂಟ್ ಮೇರಿ ಬೆಸಿಲಿಕಾಗೆ ಬೀಜ ಬಿತ್ತಿದವರು ಅಬೆ ದ್ಯುಬುವಾ, ನಮ್ಮ ಕಡೆಯ ಜನ ‘ದೊಡ್ಡಸ್ವಾಮಿ’ ಎಂದು ಕರೆದ ಫ್ರೆಂಚ್ ಪಾದ್ರಿ. ಅದೇ ಜಾಗದಲ್ಲಿ ಈಗಿನ ಎತ್ತರದ ಗೋಪುರದ ಗುಡಿಯನ್ನು ಕಟ್ಟಿಸಿ 1882ರಲ್ಲಿ ಮುಗಿಸಿದವರು ಕ್ಲೈನರ್ ಎಂಬ ಪಾದ್ರಿ, ಅವರೂ ಪ್ಯಾರಿಸ್ ಮಿಷನ್ನಿನವರು. 1858ರಲ್ಲಿ ಸೇಂಟ್ ಜೋಸೆಫ್ ಶಾಲೆ ತೆರೆದವರೂ ಅದೇ ಮಿಷನ್ನಿನವರು. 1854ರಲ್ಲಿ ಫ್ರಾನ್ಸಿನ ಆಂಜೇ ಊರಿನ ಗುಡ್ ಶೆಫರ್ಡ್ ಸಂನ್ಯಾಸಿನಿಯರು ಇಲ್ಲಿಗೆ ಬಂದರು. ಇಂಗ್ಲಿಷರ ದಂಡಿನ ಊರಿನೊಳಗೆ ಫ್ರೆಂಚರು ಶಾಲೆ, ಗುಡಿ, ಆಸ್ಪತ್ರೆಗಳ ದಾರಿ ಹಿಡಿದು ಬಂದು ನೆಲೆಸಿದ್ದರು. ಸೆಪ್ಟೆಂಬರ್ 8ರ ಆರೋಗ್ಯಮಾತೆಯ ಹಬ್ಬಕ್ಕೆ ಹೋಗುವ ನಮ್ಮ ವಯೋಲಾದ ಹುಡುಗ ತನ್ನ ಬೀದಿಯ ಈ ಕಥೆಯನ್ನು ತಿಳಿದಿರಬೇಕು. ಜೂನ್ ತಿಂಗಳಲ್ಲಿ ನೀವು ನುಡಿಸಲಿರುವ ಸಂಗೀತದ ಹಬ್ಬವಂತೂ ತೀರ ಈಚಿನದು. 1982ರ ಜೂನ್ 21ರಂದು ಫ್ರಾನ್ಸಿನಲ್ಲಿ ಸಚಿವ ಜಾಕ್ ಲಾಂಗ್ ಶುರುಮಾಡಿಸಿದ ‘ಫೆತ್ ದ ಲ ಮ್ಯೂಸಿಕ್’ ಅದು. ಆ ಹೆಸರನ್ನು ಫ್ರೆಂಚಿನಲ್ಲಿ ಉಚ್ಚರಿಸಿದರೆ ‘ಸಂಗೀತ ಮಾಡಿ’ ಎಂದೂ ಕೇಳಿಸುತ್ತದೆ. ವಸಂತನಗರದ ಅಲಿಯಾನ್ಸ್ ಫ್ರಾನ್ಸೆ ಅದನ್ನು ಇಲ್ಲಿ ನಡೆಸುತ್ತ ಬಂದಿದೆ, ಬೆಂಗಳೂರಿನ ಹುಡುಗ ಹುಡುಗಿಯರೇ ಅದರಲ್ಲಿ ಹೆಚ್ಚು.

ಬೀದಿಗಿಂತ ದೊಡ್ಡ ನಂಟು ಸಂಗೀತದೊಳಗೇ ಇದೆ. ರವೇಲ್‌ನ ಶಿಷ್ಯ ಮೋರಿಸ್ ದೆಲಾಜ್ 1912ರಲ್ಲಿ ಭಾರತ ಸುತ್ತಿದ. ಹಾಡುಗಾರ್ತಿಗೂ ಪುಟ್ಟ ವಾದ್ಯವೃಂದಕ್ಕೂ ನಾಲ್ಕು ‘ಹಿಂದೂ ಕವಿತೆ’ಗಳನ್ನು ಬರೆದ. ಅವಕ್ಕೆ ಮದ್ರಾಸ್, ಲಾಹೋರ್, ಬನಾರಸ್, ಜಯಪುರ ಎಂದು ಊರುಗಳ ಹೆಸರು, ಎರಡಕ್ಕೆ ಭರ್ತೃಹರಿಯ ಪದ್ಯಗಳೇ ಸಾಹಿತ್ಯ. 1914ರ ಜನವರಿಯಲ್ಲಿ ಪ್ಯಾರಿಸ್ ಅವನ್ನು ಕೇಳಿತು. ‘ಲಾಹೋರ್’ ಶುರುವಾಗುವುದು ಒಂಟಿ ಚೆಲೋದಿಂದ. ಮೀಟಿದ ತಂತಿಯ ಮೇಲೆ ಬೆರಳನ್ನು ಜಾರಿಸಿ ನಾದವನ್ನು ಎಳೆಯಬೇಕು. ಅವನು ಹುಡುಕುತ್ತಿದ್ದದ್ದು ನಮ್ಮ ಜಾರು, ನಮ್ಮ ಮೀಂಡ್. ಮುಂದೆ ‘ರಾಗಮಾಲಿಕಾ’ ಎಂಬ ಹಾಡನ್ನು ಅವನು ಕಟ್ಟಿದ್ದು ಕೊಯಮತ್ತೂರು ತಾಯಿ ಎಂಬ ದಕ್ಷಿಣದ ಗಾಯಕಿಯ ಗ್ರಾಮಫೋನ್ ತಟ್ಟೆಯನ್ನು ಕೇಳಿ. ಅದರಲ್ಲಿ ಪಿಯಾನೋದ ಒಂದು ತಂತಿಯ ಅಡಿಗೆ ರಟ್ಟಿನ ತುಂಡು ಇಟ್ಟು ದನಿಯನ್ನು ಮಂದ ಮಾಡಿಸಿದ. ಪ್ಯಾರಿಸ್‌ನಲ್ಲಿ ಕೂತು ಒಬ್ಬ ಮನುಷ್ಯ ನಮ್ಮ ಗಾಯಕಿಯೊಬ್ಬರ ಗಮಕಕ್ಕಾಗಿ ಎಷ್ಟು ಪರದಾಡಿದ್ದಾನೆ ನೋಡಿ! ಆ ಗಮಕ ನಿಮಗೆ ಮನೆಯಲ್ಲೇ, ಅಜ್ಜಿಯ ದೇವರನಾಮದಲ್ಲೇ ಸಿಕ್ಕಿದೆ. ಚೆಲೋದ ಮಗಳೇ, ಆ ‘ಲಾಹೋರ್’ನ ಮೊದಲ ಸಾಲುಗಳನ್ನು ನೀನು ಕಲಿಯಲೇಬೇಕು.

ಇನ್ನೂ ಆಳದ ಕಥೆ ಫ್ರೆಂಚ್ ಸಂಯೋಜಕ ಮೆಸ್ಸಿಯಾನ್‌ನದು. ಎರಡನೆಯ ಮಹಾಯುದ್ಧದಲ್ಲಿ ಜರ್ಮನರ ಕೈಗೆ ಸೆರೆಸಿಕ್ಕು, ಗೋರ್ಲಿಟ್ಜ್ ಊರಿನ ಯುದ್ಧಕೈದಿಗಳ ಶಿಬಿರದಲ್ಲಿದ್ದಾಗ ಅವನು ‘ಕಾಲದ ಅಂತ್ಯಕ್ಕೊಂದು ಕ್ವಾರ್ಟೆಟ್’ ಬರೆದ. 1941ರ ಜನವರಿ 15ರ ಚಳಿಯಲ್ಲಿ ಪಿಟೀಲು, ಚೆಲೋ, ಕ್ಲಾರಿನೆಟ್, ಪಿಯಾನೋಗಳಲ್ಲಿ ನಾಲ್ವರು ಕೈದಿಗಳು ಅದನ್ನು ಉಳಿದ ಕೈದಿಗಳ ಮುಂದೆ ನುಡಿಸಿದರು. (ಆ ಚೆಲೋಗೆ ಮೂರೇ ತಂತಿಯಿತ್ತು ಎಂಬ ಕಥೆಯನ್ನು ವೇದಿಕೆಯ ಮೇಲೆ ಹೇಳಬೇಡಿ. ಅದನ್ನು ನುಡಿಸಿದ ಪಾಸ್ಕಿಯೇ ಅವರೇ ನಾಲ್ಕೂ ಇದ್ದವು ಎಂದಿದ್ದಾರೆ. ನಿಜವೇ ಸಾಕಷ್ಟು ದೊಡ್ಡದು.) ಆ ಕೃತಿಯ ಮೊದಲ ಭಾಗದಲ್ಲಿ ಪಿಯಾನೋ ಹದಿನೇಳು ಹೊಡೆತಗಳ ಒಂದು ಲಯವನ್ನು ಸುತ್ತುತ್ತಲೇ ಇರುತ್ತದೆ. ಅದು ಮೂರು ತಾಳಗಳನ್ನು ಹೆಣೆದ ಮಾಲೆ: ರಾಗವರ್ಧನ, ಚಂದ್ರಕಲಾ, ಲಕ್ಷ್ಮೀಶ. ಈ ಹೆಸರುಗಳು ಶಾರ್ಙ್ಗದೇವನ ‘ಸಂಗೀತರತ್ನಾಕರ’ದ ನೂರಿಪ್ಪತ್ತು ದೇಶೀ ತಾಳಗಳ ಪಟ್ಟಿಯವು. ಒಂದು ಫ್ರೆಂಚ್ ವಿಶ್ವಕೋಶದಲ್ಲಿ ಆ ಪಟ್ಟಿ ಅಚ್ಚಾಗಿತ್ತು, ಮೆಸ್ಸಿಯಾನ್ ಅಲ್ಲಿ ಓದಿಕೊಂಡ. ಶಾರ್ಙ್ಗದೇವ 13ನೇ ಶತಮಾನದಲ್ಲಿ ದೇವಗಿರಿಯ ಸೇವುಣರ ಆಸ್ಥಾನದಲ್ಲಿದ್ದವನು. ಆ ಅರಸರು ಕನ್ನಡದಲ್ಲಿ ಎಷ್ಟೊಂದು ಶಾಸನ ಹಾಕಿಸಿದವರು. ಆ ಗ್ರಂಥಕ್ಕೆ 15ನೇ ಶತಮಾನದಲ್ಲಿ ‘ಕಲಾನಿಧಿ’ ಎಂಬ ವ್ಯಾಖ್ಯಾನ ಬರೆದ ಚತುರ ಕಲ್ಲಿನಾಥ ನಮ್ಮ ವಿಜಯನಗರದವನು. ಹದಿನೇಳು ಹೊಡೆತದ ಲಯದ ಮೇಲೆ ಇಪ್ಪತ್ತೊಂಬತ್ತು ಸ್ವರಗುಚ್ಛಗಳು ಸುತ್ತುತ್ತವೆ. ಎರಡೂ ಮತ್ತೆ ಒಂದೇ ಜಾಗದಲ್ಲಿ ಕೂಡಬೇಕಾದರೆ 493 ಹೊಡೆತ ಆಗಬೇಕು, ಅಷ್ಟರೊಳಗೆ ಭಾಗವೇ ಮುಗಿದಿರುತ್ತದೆ. ಕೈಯಲ್ಲಿ ತಾಳ ಹಾಕಿ ಎಣಿಸಿ ನೋಡಿ. ‘ನಮ್ಮದಲ್ಲದ್ದು’ ಎಂಬ ಮಾತು ಆಮೇಲೆ ನಿಮ್ಮ ಬಾಯಲ್ಲಿ ಬರುವುದಿಲ್ಲ.

ಹಾಗೆಂದು ಡೆಬ್ಯುಸಿಯನ್ನು ಗಮಕ ಹಾಕಿ ನುಡಿಸಬೇಡಿ. ಕಾಗದದ ಮೇಲೆ ಅವನು ಬರೆದದ್ದಕ್ಕೆ ನಿಷ್ಠರಾಗಿರಿ. ನಿಮ್ಮ ಕಿವಿಯ ಹಿಂದಿನ ನೆನಪು ತಾನಾಗಿ ಅದರೊಳಗೆ ಇಳಿಯುತ್ತದೆ, ಅದನ್ನು ಹೊರಗಿನಿಂದ ಬಳಿಯಬೇಕಾಗಿಲ್ಲ.

ಸಣ್ಣಪುಟ್ಟ ಕೆಲವು ಮಾತು. ಜೂನ್ ಮಳೆಗೆ ಮರ ಉಬ್ಬುತ್ತದೆ, ಬಿರಡೆ ಬಿಗಿದುಕೊಳ್ಳುತ್ತದೆ. ಒಂದು ಗಂಟೆ ಮೊದಲೇ ಹೋಗಿ ವಾದ್ಯವನ್ನು ಆ ಕೋಣೆಯ ಗಾಳಿಗೆ ಬಿಡಿ, ಬಿರಡೆಯನ್ನು ಬಲವಂತವಾಗಿ ತಿರುವಬೇಡಿ. ಮೈಕ್ ಕೊಟ್ಟರೆ ಬೇಡವೆನ್ನಿ. ಈ ಸಂಗೀತ ಹುಟ್ಟಿದ್ದೇ ಕೋಣೆಗಾಗಿ. ಭಾಗಗಳ ನಡುವೆ ಯಾರಾದರೂ ಚಪ್ಪಾಳೆ ತಟ್ಟಿದರೆ ಮುಖ ಗಂಟಿಕ್ಕಬೇಡಿ, ಅದು ಸಂತೋಷದ ಸದ್ದು.

ಇನ್ನೊಂದು ಮಾತು ಮಾತ್ರ ಸಣ್ಣದಲ್ಲ. ಕೃತಿಯನ್ನು ಪರಿಚಯಿಸುವಾಗ ಕನ್ನಡದಲ್ಲಿ ಮಾತಾಡಿ. ಐವತ್ತು ವರ್ಷ ಈ ಊರಿನ ಪಾಶ್ಚಾತ್ಯ ಸಂಗೀತದ ಸಭೆಗಳಲ್ಲಿ ಕೂತಿದ್ದೇನೆ. ಕನ್ನಡದ ಒಂದು ವಾಕ್ಯವನ್ನು ಅಲ್ಲಿ ಕೇಳಿದ್ದು ಬೆರಳೆಣಿಕೆಯಷ್ಟು ಸಲ. ಹಲಸೂರಿನ, ಕೆ.ಆರ್. ಪುರದ ಎಷ್ಟೋ ಜನಕ್ಕೆ ಕಿವಿಯಿದೆ. ಸೋಮೇಶ್ವರನ ಗುಡಿಯ ನಾಗಸ್ವರಕ್ಕೆ ನಿಂತು ತಲೆದೂಗುವ ಕಿವಿ ಅದು. ಬಾಗಿಲಲ್ಲೇ ಎದುರಾಗುವ ಇಂಗ್ಲಿಷ್ ನೋಡಿ, ಇದು ತಮ್ಮಂಥವರಿಗಲ್ಲ ಎಂದು ಅವರು ಹಿಂದಕ್ಕೆ ಹೋಗುತ್ತಾರೆ. ಇದು ನನ್ನ ತಲೆಮಾರಿನ ತಪ್ಪು, ನಾವು ಸರಿಪಡಿಸಲಿಲ್ಲ. ಪ್ರತಿಯೊಂದಕ್ಕೂ ಎರಡೇ ವಾಕ್ಯ ಸಾಕು. “ವಯೋಲಾ ನುಡಿಸುವ ಈ ಎಳೆಯನ್ನು ಹಿಡಿದುಕೊಳ್ಳಿ, ಅದು ಮತ್ತೆ ಮತ್ತೆ ಬರುತ್ತದೆ” ಎನ್ನಿ. ಅಪ್ಪ ಅಮ್ಮನನ್ನಷ್ಟೇ ಅಲ್ಲ, ಪಕ್ಕದ ಮನೆಯವರನ್ನೂ ಕರೆಯಿರಿ.

ಗ್ರೇಡ್ ಪರೀಕ್ಷೆಗಳನ್ನು ಬಿಡಿ ಎನ್ನುವುದಿಲ್ಲ, ಅವು ಬೆರಳನ್ನು ಗಟ್ಟಿ ಮಾಡುತ್ತವೆ. ಆದರೆ ಎಂಟನೆಯ ಗ್ರೇಡ್ ಮುಗಿದ ದಿನವೇ ಪೆಟ್ಟಿಗೆ ಮುಚ್ಚಿ ಅಟ್ಟಕ್ಕೆ ಏರಿಸಿದ ಎಷ್ಟೋ ಮಕ್ಕಳನ್ನು ಕಂಡಿದ್ದೇನೆ. ವಾರಕ್ಕೊಮ್ಮೆ ಜೊತೆಗೆ ಕೂತು ನುಡಿಸುವ ಗೆಳೆಯರಿದ್ದವರು ಯಾರೂ ಪೆಟ್ಟಿಗೆ ಮುಚ್ಚಲಿಲ್ಲ.

ಬರುವ ಭಾನುವಾರ ನಾಲ್ಕು ಗಂಟೆಗೆ ಮತ್ತೆ ಬನ್ನಿ. ವಾದ್ಯ ತರಬೇಡಿ. ಮೊದಲ ಪಿಟೀಲಿನವಳು ವಯೋಲಾದ ಪಾರ್ಟ್ ಬರೆದುಕೊಂಡು ಬರಲಿ, ವಯೋಲಾದವನು ಚೆಲೋದ್ದು, ಚೆಲೋದವಳು ಎರಡನೆಯ ಪಿಟೀಲಿನದ್ದು, ಎರಡನೆಯ ಪಿಟೀಲಿನವನು ಮೊದಲನೆಯದ್ದು. ನಾಲ್ವರೂ ಪಕ್ಕದವರ ಪಾರ್ಟನ್ನು ಹಾಡಿ, ನಾನು ತಾಳ ಹಾಕುತ್ತೇನೆ.

ನಿಮ್ಮ ತಾತ