ಹುಟ್ಟಿನಿಂದ ಕಳ್ಳನುಂಟೋ?

ಮನುಷ್ಯನು ಕುಲದಿಂದಲೇ ಕಳ್ಳನಾಗಿ ಹುಟ್ಟುವನೆಂಬದು ಸತ್ಯವೋ? ಒಂದು ಕಾಲದಲ್ಲಿ ಸರಕಾರವೇ ಹಾಗೆಂದಿತು. 1871ರಲ್ಲಿ ಬ್ರಿಟಿಷರು ಉತ್ತರ ಹಿಂದುಸ್ಥಾನದಲ್ಲಿ ‘ಅಪರಾಧಿ ಜಾತಿಗಳ ಕಾಯಿದೆ’ಯನ್ನು ತಂದರು, 1911ರಲ್ಲಿ ಅದು, ನಮ್ಮ ಬಿಜಾಪುರವು ಆಗ ಸೇರಿದ್ದ ಮುಂಬಯಿ ಇಲಾಖೆಗೂ ಬಂತು.

ಹರಣಶಿಕಾರಿ, ಗಂಟಿಚೋರ ಮೊದಲಾದವರನ್ನು ಬಿಜಾಪುರದ ಸೆಟ್ಲ್‌ಮೆಂಟಿನಲ್ಲಿ ಇರಿಸಿದರು. ಪಟ್ಟಿಗೆ ಸೇರಿದವರು ಹಾಜರಿ ಕೊಡಬೇಕು. ಅಪ್ಪಣೆಚೀಟಿ ಇಲ್ಲದೆ ಹೊರಗೆ ಹೋಗಕೂಡದು. ಎಂದೂ ಕದಿಯದವನು ಸಹ ಕುಲದ ನಿಮಿತ್ತ ಪಟ್ಟಿಗೆ ಸೇರಬಹುದಾಗಿತ್ತು.

ಇದರ ಕೆಲಸವನ್ನು ಗಮನಿಸಿರಿ. ಬೇಟೆಯಿಂದ ಬದುಕುವವನಿಗೆ ಅರಣ್ಯ ಕಾಯಿದೆಯು ಅಡವಿಯನ್ನು ಮುಚ್ಚಿತು. ಪಟ್ಟಿಯಲ್ಲಿದ್ದವನನ್ನು ನಂಬಿ ಕೂಲಿಗೆ ಕರೆಯುವವರು ವಿರಳ. ಹಸಿವು ಹೆಚ್ಚಿತು, ಆ ಹಸಿವನ್ನೇ ಜನರು ರಕ್ತದ ಗುಣವೆಂದರು. ಹೀಗೆ ಸುಳ್ಳು ತನಗೆ ತಾನೇ ಸಾಕ್ಷಿಯನ್ನು ಹುಟ್ಟಿಸಿತು.

1952ರಲ್ಲಿ ಆ ಕಾಯಿದೆ ರದ್ದಾಯಿತು. ಕಾಗದವು ಹಾಕಿದ ಕಳಂಕವನ್ನು ಕಾಗದವೇ ಒರೆಸಿತು. ಅದು ರಕ್ತದಲ್ಲಿದ್ದರೆ ಹಾಗೆ ಒರೆಸಲಾಗುತ್ತಿತ್ತೇ? ಆದರೂ ‘ಗಂಟಿಚೋರ’ ಎಂಬ ಹೆಸರೇ ಇಂದಿಗೂ ದೂರು ಹೇಳುತ್ತದೆ.

ಆದದರಿಂದ ನಾವು ನಮ್ಮನ್ನೇ ಪರೀಕ್ಷಿಸಿಕೊಳ್ಳೋಣ: ಊರಲ್ಲಿ ಕಳವಾದಾಗ ನಮ್ಮ ಕಣ್ಣು ಮೊದಲು ಯಾರ ಗುಡಿಸಲಿನ ಕಡೆಗೆ ತಿರುಗುತ್ತದೆ? ಕೆಲಸ ಕೇಳಿ ಬಂದವನ ಕೈಯನ್ನು ನೋಡುತ್ತೇವೋ, ಕುಲವನ್ನು ಕೇಳುತ್ತೇವೋ?