ಹಸಿರು ಮಚ್ಚೆಯ ಬಿಲ್ಲೆಗಳು

ಆಕ್ಸೈಡುಗಳನ್ನು ಅರೆಯುತ್ತ, ಸುಡುತ್ತ, ರಸಾಯನಶಾಸ್ತ್ರ ಪಾಠ ಹೇಳುತ್ತ ಮೂವತ್ತು ವರ್ಷ ದಾಟಿತು. ಹೊಸದಾಗಿ ಈ ಕೆಲಸಕ್ಕೆ ಬರುವವರು ಕೇಳಿದರೆ ನಾನು ಹೇಳುವುದು ಇಷ್ಟು.

1. ತೂಗುವ ಮೊದಲು ಪುಡಿಯ ಮೇಲೆ ಅನುಮಾನವಿರಲಿ. ಲ್ಯಾಂಥನಮ್ ಆಕ್ಸೈಡ್ ಗಾಳಿಯ ತೇವ ಹೀರಿ ಹೈಡ್ರಾಕ್ಸೈಡ್ ಆಗುತ್ತದೆ. ಕಣ್ಣಿಗೆ ಮಾತ್ರ ಅದೇ ಬಿಳಿ ಪುಡಿ. ತಕ್ಕಡಿ ಎಷ್ಟೇ ಸೂಕ್ಷ್ಮವಾಗಿರಲಿ, ಅದು ನೀರನ್ನೂ ಸೇರಿಸಿಯೇ ತೂಗುತ್ತದೆ. ಇದು ಗೊತ್ತಿಲ್ಲದೆ ಪಿಎಚ್‌ಡಿಯಲ್ಲಿ ನಾಲ್ಕು ತಿಂಗಳು ಕಳೆದುಕೊಂಡೆ. ಈಗ ಹಿಂದಿನ ರಾತ್ರಿಯೇ 1,000 ಡಿಗ್ರಿಯಲ್ಲಿ ಕಾಯಿಸಿ, ಡೆಸಿಕೇಟರಿನಲ್ಲಿ ಆರಿಸಿಟ್ಟು ತೂಗುತ್ತೇವೆ.

2. ಕೆಟ್ಟ ಸ್ಯಾಂಪಲ್ ಮೊದಲು ಮೇಜಿಗೆ ಬರಲಿ. 1987ರಲ್ಲಿ ಯಿಟ್ರಿಯಂ, ಬೇರಿಯಂ, ತಾಮ್ರದ ಆಕ್ಸೈಡ್ ಸುಮಾರು 90 ಕೆಲ್ವಿನ್‌ನಲ್ಲೇ ಸೂಪರ್‌ಕಂಡಕ್ಟರ್ ಆಗುತ್ತದೆಂದು ತಿಳಿಯಿತು. ದ್ರವ ಸಾರಜನಕ ಕುದಿಯುವುದು 77 ಕೆಲ್ವಿನ್‌ನಲ್ಲಿ. ದುಬಾರಿ ದ್ರವ ಹೀಲಿಯಂ ಕೊಳ್ಳಲಾಗದ ನಮ್ಮಂಥವರಿಗೂ ಆಗ ದಾರಿಯಾಯಿತು. ಮುಂದೆ ನನ್ನ ಲ್ಯಾಬಿನಲ್ಲೂ ಅದನ್ನು ಮಾಡತೊಡಗಿದೆವು. ಸರಿಯಾಗಿ ಬಂದರೆ ಅದು ಕಪ್ಪು. ಹಸಿರು ಕಂಡರೆ ಬೇರೊಂದು ಸಂಯುಕ್ತ ಬೆರೆತಿದೆ ಎಂದರ್ಥ. ಒಬ್ಬ ವಿದ್ಯಾರ್ಥಿನಿ ಹಸಿರು ಮಚ್ಚೆಯ ಏಳು ಬಿಲ್ಲೆಗಳನ್ನು ಡ್ರಾಯರಿನಲ್ಲಿ ಬಚ್ಚಿಟ್ಟಿದ್ದಳು, ನಾನು ಬೈಯುತ್ತೇನೆಂದು. ನೋಡಿ ನನಗೆ ಸಂಕಟವಾಯಿತು. ಅಷ್ಟು ಹೆದರಿಕೆ ಹುಟ್ಟಿಸಿದವನು ನಾನೇ ತಾನೆ? ಇಬ್ಬರೂ ಕೂತು ಕಾರಣ ಹುಡುಕಿದೆವು. ಫರ್ನೇಸ್ 950 ಎಂದು ತೋರಿಸುತ್ತಿತ್ತು. ಶಾಖ ಅಳೆಯುವ ಥರ್ಮೋಕಪಲ್ ಹಳತಾಗಿ, ಒಳಗಿನ ಶಾಖ ಅದಕ್ಕಿಂತ ಎಷ್ಟೋ ಮೇಲಿತ್ತು. 1,000 ಡಿಗ್ರಿ ದಾಟಿ ಸ್ವಲ್ಪ ಮೇಲೇರಿದರೆ ಕಪ್ಪು ಸಂಯುಕ್ತ ಒಡೆದು ಹಸಿರು ಬಿಡುತ್ತದೆ. ಆ ಫರ್ನೇಸಿನಲ್ಲಿ ಇನ್ನೂ ಇಬ್ಬರ ಕೆಲಸ ಹಾಳಾಗುತ್ತಿತ್ತು, ಯಾರೂ ಬಾಯಿಬಿಟ್ಟಿರಲಿಲ್ಲ. ಅಂದಿನಿಂದ ಸೋಮವಾರದ ಮೀಟಿಂಗ್ ಶುರುವಾಗುವುದೇ ಕೆಟ್ಟುಹೋದ ಸ್ಯಾಂಪಲುಗಳಿಂದ.

3. ಆರಿಸುವುದೂ ಪ್ರಯೋಗದ ಭಾಗ. ಇದೇ ವಸ್ತು ನಿಧಾನವಾಗಿ ಆರುವಾಗ ಆಮ್ಲಜನಕ ಒಳಗೆಳೆದುಕೊಳ್ಳುತ್ತದೆ. ಬಸ್ಸಿಗೆ ಹೊತ್ತಾಯಿತೆಂದು ಬೇಗ ಹೊರತೆಗೆದರೆ ಕೈಗೆ ಸಿಗುವುದು ಸೂಪರ್‌ಕಂಡಕ್ಟರ್ ಆಗದ ಬರೀ ಕಪ್ಪು ಬಿಲ್ಲೆ.

4. ಉಪಕರಣ ಇಲ್ಲದಿದ್ದರೆ ಕೇಳಲು ಸಂಕೋಚ ಬೇಡ. ಸಿ.ಎನ್.ಆರ್. ರಾವ್ ಕಾನ್ಪುರದಿಂದ ಬಂದು 1976ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಘನಸ್ಥಿತಿ ರಸಾಯನಶಾಸ್ತ್ರಕ್ಕೆಂದೇ ವಿಭಾಗ ಕಟ್ಟಿದರು. ಅಂಥ ವಿಭಾಗಗಳು ನಾಡಿನಲ್ಲಿರುವುದು ದೊಡ್ಡ ಭಾಗ್ಯ. ನಾನಂತೂ ಬಟರ್ ಪೇಪರಿನಲ್ಲಿ ಸ್ಯಾಂಪಲ್ ಕಟ್ಟಿಕೊಂಡು ರಾತ್ರಿ ಬಸ್ಸಿನಲ್ಲಿ ಎಕ್ಸ್-ರೇ ಯಂತ್ರವಿರುವ ಊರುಗಳಿಗೆಲ್ಲ ಓಡಾಡಿದ್ದೇನೆ.

5. ಬಿಎಸ್ಸಿ ಮೊದಲ ವರ್ಷದ ಕ್ಲಾಸನ್ನು ಬೇರೆಯವರಿಗೆ ಬಿಟ್ಟುಕೊಡಬೇಡಿ. ಪ್ರತಿ ವರ್ಷ ಥರ್ಮೋಕೋಲ್ ಲೋಟದಲ್ಲಿ ದ್ರವ ಸಾರಜನಕ ಹಾಕಿ, ತಣ್ಣಗಾದ ಇದೇ ಕಪ್ಪು ಬಿಲ್ಲೆಯ ಮೇಲೆ ಪುಟ್ಟ ಆಯಸ್ಕಾಂತ ತೇಲುವುದನ್ನು ತೋರಿಸಿ ಕನ್ನಡದಲ್ಲೇ ವಿವರಿಸುತ್ತೇನೆ. ಒಂದು ವರ್ಷ ಹಿಂದಿನ ಬೆಂಚಿನ ಹುಡುಗ ಎದ್ದು ನಿಂತು ಕೇಳಿದ: "ಸಾರ್, ಸಾರಜನಕ ಮುಗಿದ ಮೇಲೆ ಅದು ಬೀಳುತ್ತಲ್ಲ, ಬೀಳುವಾಗ ಬಿಲ್ಲೆ ಎಷ್ಟು ತಣ್ಣಗಿರುತ್ತೆ?" ಆ ದಿನದ ಪಾಠವನ್ನು ಅಲ್ಲಿಗೇ ಬಿಟ್ಟೆ. ಬಿಲ್ಲೆಗೆ ಹೊಸ ಥರ್ಮೋಕಪಲ್ ಅಂಟಿಸಿ, ಓದಿ ಹೇಳುವ ಕೆಲಸವನ್ನು ಅವನಿಗೇ ಕೊಟ್ಟೆ. ಆಯಸ್ಕಾಂತ ಕುಸಿಯುವವರೆಗೂ ಕ್ಲಾಸಿನಲ್ಲಿ ಅವನ ದನಿಯೊಂದೇ ಕೇಳುತ್ತಿತ್ತು.