ಕುಡಿಯುವ ನೀರೂ ಬೆನ್ನುಹುರಿಯೂ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಅನೇಕ ಗ್ರಾಮಗಳಲ್ಲಿ ಕೊಳವೆಬಾವಿಯ ನೀರಿನೊಡನೆ ಫ್ಲೋರೈಡ್ ಮಿತಿಮೀರಿ ಜನರ ದೇಹವನ್ನು ಸೇರುತ್ತ ಬಂದಿರುವುದು ಸರ್ವವಿದಿತ. ಹಲ್ಲು ಕಂದುಗಟ್ಟುವುದು ಅದರ ಮೊದಲ ಕುರುಹು. ಅದರ ಕಡೆಯ, ಕ್ರೂರತರವಾದ ಪರಿಣಾಮವು ನರಗಳಿಗೆ ಸಂಬಂಧಿಸಿದ್ದೆಂಬುದು ಮಾತ್ರ ಅಷ್ಟಾಗಿ ಪ್ರಚಾರದಲ್ಲಿಲ್ಲ. ಈ ಸಂಬಂಧವನ್ನು ಬಿಡಿಸಿ ತೋರಿಸಿದ ಕೀರ್ತಿ ಯಾವ ಒಂದು ದೇಶಕ್ಕೂ ಸಲ್ಲುವುದಿಲ್ಲ.

ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್ ಪಟ್ಟಣದಲ್ಲಿ ದಂತವೈದ್ಯ ಫ್ರೆಡರಿಕ್ ಮೆಕೇ 1901ರಲ್ಲಿ ಹಲ್ಲಿನ ಕಲೆಗಳನ್ನು ಕಂಡನು. ಅವಕ್ಕೆ ನೀರಿನ ಫ್ಲೋರೈಡೇ ಕಾರಣವೆಂದು ರಸಾಯನಜ್ಞ ಚರ್ಚಿಲ್ ತಿಳಿಸುವ ಹೊತ್ತಿಗೆ 1931 ಆಗಿತ್ತು. ಮರುವರ್ಷ ಡೆನ್ಮಾರ್ಕಿನಲ್ಲಿ, ಗ್ರೀನ್‌ಲೆಂಡಿನಿಂದ ಬಂದ ಕ್ರಯೊಲೈಟ್ ಕಲ್ಲಿನ ಧೂಳನ್ನು ಸೇವಿಸಿದ ಕಾರ್ಮಿಕರ ಮೂಳೆಗಳು ವಿಪರೀತ ಗಟ್ಟಿಯಾಗಿದ್ದುದನ್ನು ಮೊಲ್ಲರ್ ಮತ್ತು ಗುಡ್ಯೋನ್ಸನ್ ಕ್ಷಕಿರಣದಿಂದ ಗುರುತಿಸಿದರು. 1937ರಲ್ಲಿ ಅಂದಿನ ಮದರಾಸು ಪ್ರಾಂತದ ನೆಲ್ಲೂರು ಜಿಲ್ಲೆಯಲ್ಲಿ ಶಾರ್ಟ್ ಮತ್ತು ಅವನ ಸಹೋದ್ಯೋಗಿಗಳು ಇದೇ ವ್ಯಾಧಿಯನ್ನು ಬಾವಿಯ ನೀರು ಕುಡಿದ ರೈತಾಪಿ ಜನರಲ್ಲಿ ಕಂಡು, ನರಪೀಡೆಯ ಲಕ್ಷಣಗಳನ್ನೂ ದಾಖಲಿಸಿದರು. ಪಂಜಾಬಿನ ವೈದ್ಯರಾದ ಸಿಂಗ್, ಜೋಲಿ ಮೊದಲಾದವರು 1961ರಲ್ಲಿ ಲಂಡನ್ನಿನ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಅದನ್ನು ವಿಸ್ತರಿಸಿದರು. ಇವರೆಲ್ಲ ಒಂದೆಡೆ ಕಲೆತು ಸಂಕಲ್ಪಿಸಿದ ಕಾರ್ಯವಲ್ಲವಿದು. ಆದರೂ ಒಂದರ ಪಕ್ಕದಲ್ಲೊಂದನ್ನಿಟ್ಟು ನೋಡಿದಾಗಲೇ ರೋಗದ ಪೂರ್ಣ ಸ್ವರೂಪ ಗೋಚರಿಸಿತು. ಹಲವು ದೇಶಗಳ ತಜ್ಞರ ವಿಚಾರಗಳನ್ನು ವಿಶ್ವ ಆರೋಗ್ಯ ಸಂಸ್ಥೆಯು 1970ರಲ್ಲಿ ಗ್ರಂಥರೂಪದಲ್ಲಿ ಹೊರತಂದಿತು.

ಕನ್ನಡದ ‘ನರ’ ಶಬ್ದವು ಆಡುಮಾತಿನಲ್ಲಿ ರಕ್ತನಾಳಕ್ಕೂ ಸ್ನಾಯುರಜ್ಜುವಿಗೂ ಸಲ್ಲುವುದರಿಂದ, ‘ನರ ಹಿಡಿದಿದೆ’ ಎಂಬ ಹಳ್ಳಿಗರ ಮಾತಿನಲ್ಲಿ ಈ ರೋಗ ಮರೆಯಾಗಿಬಿಡುವುದುಂಟು. ವಾಸ್ತವದಲ್ಲಿ ಇಲ್ಲಿ ಕೆಡುವುದು ಮೊದಲು ಮೂಳೆ. ಕಶೇರುಗಳು ದಪ್ಪವಾಗಿ, ಅವನ್ನು ಬಿಗಿಯುವ ತಂತುಗಳು ಸುಣ್ಣಗಟ್ಟಿ, ಬೆನ್ನುಹುರಿ ಸಾಗುವ ಕೊಳವೆಯು ಕಿರಿದಾಗುತ್ತದೆ. ಮೂಲದಲ್ಲಿಯೇ ನರ ಅದುಮಿಹೋಗಿ ಕೈಕಾಲು ಜೋಮು ಹಿಡಿಯುತ್ತವೆ, ನಡಿಗೆ ಬಿಗಿಯುತ್ತದೆ, ಕೊನೆಗೆ ಕಾಲುಗಳ ಸ್ವಾಧೀನವೇ ತಪ್ಪಬಹುದು. ಬಾಲ್ಯದಲ್ಲಿ ಕುಡಿಯತೊಡಗಿದ ನೀರಿನ ಫಲ ಇಪ್ಪತ್ತು ಮೂವತ್ತು ವರ್ಷಗಳ ಬಳಿಕ ಕಾಣಿಸಿಕೊಳ್ಳುತ್ತದೆ. ಶಸ್ತ್ರಚಿಕಿತ್ಸೆಯುಂಟು, ಆದರೆ ಬಹುಕಾಲ ಅದುಮಿದ್ದ ನರವು ಮೊದಲಿನಂತಾಗುವುದು ದುರ್ಲಭ.

ಲೀಟರು ನೀರಿನಲ್ಲಿ 1.5 ಮಿಲಿಗ್ರಾಂ ಮೀರಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ. ಮಳೆ ಅಲ್ಪವಾದ, ಗ್ರಾನೈಟ್ ಬಂಡೆಯ ಈ ಸೀಮೆಯಲ್ಲಿ ಆಳದ ನೀರು ಬಹುಕಾಲ ಕಲ್ಲಿನೊಡನಿದ್ದು ಫ್ಲೋರೈಡನ್ನು ಕರಗಿಸಿಕೊಳ್ಳುತ್ತದೆ. ಕುದಿಸಿದರೆ ಅದು ಹೋಗದು. ನೀರು ಆವಿಯಾದಷ್ಟೂ ಸಾಂದ್ರವಾಗುತ್ತದೆ. ಸುಣ್ಣ ಮತ್ತು ಪಟಿಕದಿಂದ ಶೋಧಿಸುವ ನಲಗೊಂಡ ವಿಧಾನವುಂಟು, ಯಂತ್ರಶೋಧಕಗಳೂ ಉಂಟು. ಇವಕ್ಕಿಂತ ಸುಲಭವಾದುದು ಶಾಲೆಯ ಮಾಳಿಗೆಯ ಮೇಲೆ ಸುರಿಯುವ ಮಳೆನೀರು. ಅದರಲ್ಲಿ ಫ್ಲೋರೈಡ್ ಗಣನೆಗೆ ಬಾರದಷ್ಟು ಅಲ್ಪ; ಬೇಕಾದುದು ಅದನ್ನು ಹಿಡಿದಿಡುವ ಮುಚ್ಚಿದ ತೊಟ್ಟಿ.